ದ್ಯಾಮವ್ವನ ಸಿಟ್ಟು

ಶಾಂತಯ್ಯ ಪಂಡಿತರಿಗೆ ಆ ಹೆಸರಿಟ್ಟವರು, ಅವರು ದೊಡ್ಡವರಾಗುವ ತನಕ ಕಾದು ನೋಡಿ ಇಟ್ಟಿದ್ದಲ್ಲ. ಹೊಳೆದಂಡೆಯ ಅವರ ಆಶ್ರಮಕ್ಕೆ ಬಂದ ರೋಗಿಗಳ ಕಿವಿಗೆ ಮೊದಲು ಬೀಳುತ್ತಿದ್ದುದು ಬೇರು ಕುಟ್ಟುವ ಸದ್ದು, ಆಮೇಲೆ ಪಂಡಿತರ ಬೈಗುಳ. ಬೈಗುಳ ರೋಗಿಗಳಿಗಲ್ಲ, ಶಿಷ್ಯರಿಗೆ.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ನಾಡಿ ನೋಡಿದವನು ತಿಳಿದದ್ದನ್ನು ರೋಗಿಗೇ ಹೇಳಬೇಕು. ಅದೂ ಬೆರಳು ತೆಗೆಯದೆ, ಕೈ ಹಿಡಿದುಕೊಂಡೇ ಹೇಳಬೇಕು. ಮನೆಯವರಿಗೆ ಹೇಳುವುದಿದ್ದರೆ ಆಮೇಲೆ, ಅದೂ ರೋಗಿ ಒಪ್ಪಿದರೆ.

ಇದೇನು ಮಹಾ ಅನಿಸಬಹುದು. ಮಾಡಿ ನೋಡಿದವರಿಗೆ ಗೊತ್ತು. ನಿಮ್ಮ ಕೈಯಲ್ಲಿ ಇನ್ನೊಬ್ಬರ ಕೈ ಇರುವಾಗ ಬಾಯಿಗೆ ಬಂದದ್ದನ್ನು ಹೇಳಿ ಎದ್ದು ಹೋಗುವುದು ಬಲು ಕಷ್ಟ.

ಶಿಷ್ಯರಲ್ಲಿ ಚೆನ್ನವೀರ ಎಲ್ಲರಿಗಿಂತ ಜಾಣ. ನಾಡಿ ಅವನ ಬೆರಳಿಗೆ ಸಿಕ್ಕಷ್ಟು ಸ್ಪಷ್ಟವಾಗಿ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಮನಸ್ಸು ಮೆತ್ತಗೆ. ಯಾರ ಕಣ್ಣಲ್ಲಿ ನೀರು ಕಂಡರೂ ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ.

ಅನಾಹುತ ಆಗುವುದು ಇಂಥವರಿಂದಲೇ. ಕೆಟ್ಟವರಾದರೆ ದೂರದಿಂದಲೇ ಗುರುತು ಸಿಗುತ್ತಾರೆ, ಬಾಗಿಲು ಹಾಕಿಕೊಳ್ಳಬಹುದು. ಒಳ್ಳೆಯವರಿಗೆ ನಾವೇ ಚಾಪೆ ಹಾಸಿ ಕೂರಿಸುತ್ತೇವೆ.

ಗುರುಗಳು ಬೇರು ತರಲು ಗುಡ್ಡಕ್ಕೆ ಹೋಗಿದ್ದರು. ಆಗ ಕೌದಿ ಹೊಲಿಯುವ ದ್ಯಾಮವ್ವನನ್ನು ಅವಳ ಮಗ ಭರಮಪ್ಪ ಗಾಡಿಯಲ್ಲಿ ಕರೆದುಕೊಂಡು ಬಂದ. ಮುದುಕಿಯ ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಾಲು ಬಾತಿದ್ದವು. ನಾಲಿಗೆಗೆ ಮಾತ್ರ ಯಾವ ರೋಗವೂ ಇರಲಿಲ್ಲ.

"ಮೆಲ್ಲಕ ಇಳಸೋ. ನಾ ಏನ್ ಜ್ವಾಳದ ಚೀಲ ಅಲ್ಲ."

ಅವಳನ್ನು ಒಳಗೆ ಮಲಗಿಸಿ ಬಂದ ಭರಮಪ್ಪ ಚೆನ್ನವೀರನನ್ನು ಬೇವಿನ ಮರದ ಕೆಳಗೆ ಕರೆದ. ಕಾಲಿಗೆ ಬಿದ್ದ.

"ಏನ ಇದ್ರೂ ನಮ್ಮವ್ವಗ ಹೇಳಬ್ಯಾಡ್ರಿ. ಧೈರ್ಯ ಕಳಕೋತಾಳ. ಆರಾಮ ಆಗ್ತೀ ಅಂತ ಒಂದ ಮಾತು ಹೇಳ್ರಿ ಸಾಕು."

ಅವನ ಕಣ್ಣಲ್ಲಿ ನೀರಿತ್ತು. ಚೆನ್ನವೀರ ಮಾತು ಕೊಟ್ಟ.

ಒಳಗೆ ಹೋಗಿ ದ್ಯಾಮವ್ವನ ಕೈ ಹಿಡಿದ. ಬೆರಳಿಗೆ ಸಿಕ್ಕಿದ್ದು ಅವನಿಗೆ ಕೂಡಲೇ ತಿಳಿಯಿತು. ಅವಳಿಗೆ ಹೆಚ್ಚು ದಿನವಿರಲಿಲ್ಲ.

"ತಮ್ಮಾ, ಒಂದು ಕೇಳ್ತೀನಿ. ಸುತ್ತಿ ಬಳಸಿ ಹೇಳಬ್ಯಾಡ," ಅಂದಳು ದ್ಯಾಮವ್ವ. "ಆಚೆ ದಂಡ್ಯಾಗ ನಮ್ಮಣ್ಣ ಕಲ್ಲಪ್ಪ ಅದಾನ. ಅವನ ಮುಂದ ನಿಂತು ನಾಕು ಮಾತು ಅನ್ನೂದೈತಿ. ಈಗ ಹೊಳಿ ತುಂಬೇತಿ. ಇಳಿಯೂತನ ನಾ ಇರ್ತೀನೇನು? ಇರ್ತೀನಿ ಅಂದ್ರ ಕಾಯ್ತೀನಿ. ಇಲ್ಲ ಅಂದ್ರ ಈಗ ಹೊಂಡ್ತೀನಿ. ಮುಳುಗಿದ್ರ ಮುಳುಗಿದೆ."

ಚೆನ್ನವೀರ ಬೆರಳು ತೆಗೆದ. ಆಮೇಲೆ ಹೇಳಿದ:

"ಹೊಳಿ ಇಳಿಯೂದ್ರಾಗ ನೀವು ಎದ್ದು ಓಡಾಡ್ತೀರಿ, ಯವ್ವಾ."

"ಖರೇನ?"

"ಖರೇ."

"ಹಂಗಾರ ಕಾಯ್ತೀನಿ," ಅಂದಳು ಅವಳು. ಅವತ್ತು ಗೋಡೆ ಹಿಡಿದು ಎದ್ದು ಕಿಟಕಿಯ ತನಕ ಹೋಗಿ, ಕೆಂಪಗೆ ತುಂಬಿ ಹರಿಯುತ್ತಿದ್ದ ಹೊಳೆಯನ್ನು ನೋಡಿ ಬಂದಳು.

ಗುರುಗಳು ಮರಳಿ ಬರುವಷ್ಟರಲ್ಲಿ ಅವಳಿಗೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಗುರುಗಳು ಕೈ ಹಿಡಿದು ಕೂತರು.

"ನಿಮ್ಮ ಹುಡುಗ ಹೇಳ್ಯಾನ್ರಿ ಪಂಡಿತರ," ಅಂದಳು ದ್ಯಾಮವ್ವ. "ಹೊಳಿ ಇಳಿಯೂದ್ರಾಗ ಓಡಾಡ್ತೀನಂತ. ಮತ್ಯಾಕ ಇಷ್ಟು ಸುಸ್ತು?"

ಗುರುಗಳ ದವಡೆ ಬಿಗಿಯಿತು. "ಹಂಗ ಹೇಳಿದವನ್ನ ಕಳಸ್ತೀನಿ ಅವ್ವಾ. ಅವನ್ನ ಕೇಳ್ರಿ," ಎಂದು ಹೊರಗೆ ಬಂದರು.

ಚೆನ್ನವೀರ ಅಂಗಳದಲ್ಲಿ ಬೇರು ತೊಳೆಯುತ್ತಿದ್ದ.

"ಆಕಿಗೆ ಉತ್ತರ ಹೇಳೂಮುಂದ ನಿನ್ನ ಬೆರಳು ಎಲ್ಲಿದ್ದುವು?"

ಅವನು ಇನ್ನೊಂದು ಬೇರು ಎತ್ತಿಕೊಂಡು ಉಜ್ಜತೊಡಗಿದ.

"ಕೇಳಿದ್ದು ನಿನಗ."

"ತಗದಿದ್ನಿ, ಅಪ್ಪಾರ." ಶಿಷ್ಯರೆಲ್ಲ ಗುರುಗಳನ್ನು ಕರೆಯುತ್ತಿದ್ದುದೇ ಹಾಗೆ.

"ಯಾಕ?"

"ಮಗ ಕಾಲಿಗೆ ಬಿದ್ದ. ಮಾತು ಕೊಟ್ಟಿದ್ನಿ."

"ನಾಡಿ ಮಗನದೇನು?"

"ಅಲ್ರಿ."

"ಮುಂದ ಹೇಳು. ಇನ್ನೂ ಕಾರಣ ಇರಬೇಕಲ್ಲ. ನೀ ಓದಿದಾಂವ."

"ರೋಗಿ ಎದಿ ಒಡಿಯೂ ಅಂಥ ಮಾತು ವೈದ್ಯ ಆಡಬಾರದು ಅಂತ ಓದೇನ್ರಿ."

"ಆಕಿ ಹೆದರಿದ್ಲೇನು?"

"ಇಲ್ರಿ."

"ಮತ್ತ ಯಾರು ಹೆದರಿದ್ರು?"

ಚೆನ್ನವೀರ ಕೈಯಲ್ಲಿದ್ದ ಬೇರನ್ನು ಬುಟ್ಟಿಗೆ ಎಸೆದ. ಅವನಿಗೂ ಸಿಟ್ಟು ಬಂತು. ತಾನು ಮಾಡಿದ್ದು ದಯೆಯ ಕೆಲಸ ಎಂದೇ ಅವನು ನಂಬಿದ್ದ.

"ಅಪ್ಪಾರ, ಆಕಿ ಹೊಂಟಿದ್ದು ಜಗಳಕ್ಕ. ಹೊಳಿ ತುಂಬಿತ್ತು. ಹೋಗಿದ್ರ ಆಕಿ ಜೀವ ಅಲ್ಲದ ಅಂಬಿಗನ ಜೀವಕ್ಕೂ ಕುತ್ತು. ಮಗನಿಗೆ ಸಂಕಟ, ಅಣ್ಣನಿಗೆ ಅವಮಾನ. ನಾ ಎಲ್ಲಾ ಕೂಡಿಸಿ ಕಳದು ನೋಡಿದ್ನಿ. ಸುಳ್ಳು ಹೇಳಿದ್ರ ಎಲ್ಲಾರಿಗೂ ಒಳ್ಳೇದಿತ್ತು. ಖರೆ ಹೇಳಿದ್ರ ಯಾರಿಗೂ ಒಳ್ಳೇದಿರಲಿಲ್ಲ."

ಗುರುಗಳು ಬೇರಿನ ಬುಟ್ಟಿಯನ್ನು ಕಾಲಿನಿಂದ ಒದ್ದರು. ಗುಡ್ಡ ಸುತ್ತಿ ಆರಿಸಿ ತಂದ ಬೇರೆಲ್ಲ ಅಂಗಳದ ತುಂಬ ಚೆಲ್ಲಿತು.

"ಕೂಡಿಸಿ ಕಳದೇನು! ಆ ಲೆಕ್ಕದಾಗ ಆಕಿನ್ನ ಕೂಡಿಸಿದ್ಯೋ, ಕಳದ್ಯೋ?"

ಚೆನ್ನವೀರ ಚೆಲ್ಲಿದ ಬೇರು ಆಯಲು ಬಗ್ಗಿದ.

"ಹೋಗು. ಕೈ ಹಿಡಿ. ಹೇಳು."

"ನೀವ ಹೇಳ್ರಿ ಅಪ್ಪಾರ. ನಿಮ್ಮ ಮಾತು ಕೇಳಿದ್ರ ಆಕಿ..."

"ಸುಳ್ಳು ನಾ ಹೇಳಿದ್ನೇನು?"

ಚೆನ್ನವೀರ ಒಳಗೆ ಹೋದ. ದ್ಯಾಮವ್ವನ ಕೈ ಹಿಡಿದ. ಹೇಳಿದ.

ಅವಳು ಪೂರ್ತಿ ಕೇಳಿದಳು. ಯಾರ ಮಾತಿಗೆ ಸುಳ್ಳು ಹೇಳಿದೆ ಎಂದು ಕೇಳಿ ಅದನ್ನೂ ತಿಳಿದುಕೊಂಡಳು. ಆಮೇಲೆ ಇದ್ದ ಬಲವನ್ನೆಲ್ಲ ಒಟ್ಟುಗೂಡಿಸಿ ಅವನ ಕೆನ್ನೆಗೆ ಹೊಡೆದಳು. ಪೆಟ್ಟು ಹತ್ತಲಿಲ್ಲ, ಕೈ ಜಾರಿ ಅವನ ಎದೆಯ ಮೇಲೆ ಬಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಬಂದ ದಿನ ನಾ ನಿಂತಿದ್ನಿ. ನೀನ ನೋಡಿದಿ. ಅವತ್ತ ಹೇಳಿದ್ರ ಹೋಗಿ ಬರ್ತಿದ್ನಿ. ಈಗ ಹೊಳ್ಳಿ ಮಲಗಾಕ ಆಗವಲ್ದು. ನನ್ನ ದಿನ ಉಂಡ್ಯಲ್ಲೋ!"

"ಯವ್ವಾ, ನಿಮ್ಮ ಒಳ್ಳೇದಕ್ಕ ನಾ..."

"ಆ ಮಾತು ಆಡಬ್ಯಾಡ!" ಅವಳು ಕಿರುಚಿದಳು. ಬಾಗಿಲ ಹೊರಗಿದ್ದ ಭರಮಪ್ಪ ಓಡಿ ಬಂದ. "ನಮ್ಮಣ್ಣ ಆಡಿದ್ದೂ ಅದ ಮಾತು. ನಮ್ಮವ್ವ ಸಾಯಾಕ ಬಿದ್ದಾಗ ನಾ ಬಸರಿದ್ನಿ. ಅವ್ವ ಆರಾಮದಾಳ, ಹೊಳಿ ದಾಟಿ ಬರಬ್ಯಾಡ ಅಂತ ನಮ್ಮಣ್ಣ ಹೇಳಿ ಕಳಿಸಿದ. ಮಣ್ಣ ಮಾಡಿದ ಮ್ಯಾಲ ಖರೆ ಹೇಳಿದ. ಯಾಕೋ ಅಂತ ಕೇಳಿದ್ರ, ನಿನ್ನ ಒಳ್ಳೇದಕ್ಕ ತಂಗೀ ಅಂದ. ಅವತ್ತಿನಿಂದ ಅವನ ಹೊಸ್ತಿಲಾ ತುಳದಿಲ್ಲ."

ಅವಳು ಮಗನ ಕಡೆ ಬೆರಳು ಮಾಡಿದಳು.

"ಅವತ್ತ ನನ್ನ ಹೊಟ್ಯಾಗ ಇದ್ದಾಂವ ಇಂವ. ಈಗ ಇವನೂ ಅದನ್ನ ಕಲ್ತಾನ."

ಭರಮಪ್ಪ ಗೋಡೆ ನೋಡುತ್ತ ನಿಂತ.

ಉಸಿರು ಹಿಡಿದುಕೊಂಡು ದ್ಯಾಮವ್ವ ಚೆನ್ನವೀರನಿಗೆ ಅಪ್ಪಣೆ ಮಾಡಿದಳು. "ನನ್ನ ಕಾಲು ನೀ ಕಸಗೊಂಡಿ. ನಿನ್ನ ಕಾಲಿಲೆ ಹೋಗು. ನಾ ಹೇಳಿದ್ದನ್ನ ಅವನ ಮಾರಿ ಮ್ಯಾಲ ಹೇಳಿ ಬಾ. ಕಲ್ಲಪ್ಪಾ, ನಮ್ಮವ್ವನ ಕಡೀ ಮಾರಿ ನೋಡೂದು ನೀ ನನಗ ತಪ್ಪಿಸಿದಿ. ನೀ ನನಗ ಅಣ್ಣ ಅಲ್ಲ. ನಿನ್ನ ಒಳ್ಳೇತನಕ್ಕ ಬೆಂಕಿ ಬೀಳ್ಲಿ. ಅನ್ನು, ನನ್ನ ಮುಂದ ಒಮ್ಮೆ ಅನ್ನು."

ಚೆನ್ನವೀರ ಅಂದ. ಅವಳು ತಿದ್ದಿದಳು. ಮತ್ತೊಮ್ಮೆ ಅಂದ.

ಅವನು ಹೊರಡುವಾಗ ಗುರುಗಳು ಅಂಗಳದಲ್ಲಿ ಚೆಲ್ಲಿದ ಬೇರು ಆಯುತ್ತಿದ್ದರು. ತಲೆಯೆತ್ತದೆ ಹೇಳಿದರು: "ಒಂದ ಅಕ್ಷರ ಮೆತ್ತಗಾಗಬಾರದು."

ಹೊಳೆ ದಾಟುವಾಗ ಹರಿಗೋಲು ಬುಗುರಿಯಂತೆ ಸುತ್ತಿತು. ಚೆನ್ನವೀರ ಜೀವ ಕೈಯಲ್ಲಿ ಹಿಡಿದುಕೊಂಡು ಆಚೆ ದಂಡೆ ಸೇರಿದ.

ಕಲ್ಲಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ಬಿಳಿ ಮೀಸೆಯ ಮುದುಕ. ಬಂದವನು ತಂಗಿ ಇರುವ ಆಶ್ರಮದವನು ಎಂದು ತಿಳಿದ ಕೂಡಲೇ ಎದ್ದು ನಿಂತ.

"ತಂಗಿ ಹೆಂಗದಾಳ್ರಿ? ನನ್ನ ಹೆಸರಾ ಎತ್ತತಾಳೇನ್ರಿ?"

ಅವನ ಕಣ್ಣು ತುಂಬಿ ಬಂದವು.

ಚೆನ್ನವೀರನ ಬಾಯಲ್ಲಿ ಸಿದ್ಧವಾಗಿದ್ದ ಮಾತು ಅಲ್ಲೇ ಉಳಿಯಿತು. ಆ ಮಾತಿನ ಅರ್ಧ ತನಗೂ ಸಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಅದು ಹೊರಗೆ ಬರಲಿಲ್ಲ ಎಂದು ನಾನಂತೂ ಹೇಳುತ್ತೇನೆ.

"ಹಳೇದೆಲ್ಲಾ ಮರತಾರ್ರಿ," ಅಂದ ಚೆನ್ನವೀರ. "ಮನಸ್ಸಿನ್ಯಾಗ ಏನೂ ಇಟಗೊಂಡಿಲ್ಲ ಅಂತ ಹೇಳಂದ್ರು. ಅವರಿಗೆ ಹೆಚ್ಚು ದಿನ ಇಲ್ರಿ. ನಿಮ್ಮನ್ನ ನೋಡಬೇಕಂತ."

ಇಷ್ಟು ಕೇಳಿದರೆ ಮುದುಕ ಕೂಡಲೇ ಓಡಿ ಬರುತ್ತಾನೆ, ಅಣ್ಣ ತಂಗಿ ತಬ್ಬಿಕೊಂಡು ಅಳುತ್ತಾರೆ, ಎಲ್ಲವೂ ಸುಸೂತ್ರವಾಗಿ ಮುಗಿಯುತ್ತದೆ ಎಂದು ಅವನ ಎಣಿಕೆ.

ಕಲ್ಲಪ್ಪ ದೊಡ್ಡದಾಗಿ ಉಸಿರು ಬಿಟ್ಟ. ಕಣ್ಣೊರೆಸಿಕೊಂಡ. ಮತ್ತೆ ತಾಟಿನ ಮುಂದೆ ಕೂತ.

"ಹಂಗಾರ ಚಲೋ ಆತು. ಆಕಿ ಮನಸ್ಸು ತಿಳಿ ಆತಲ್ಲ, ಅಷ್ಟ ಸಾಕು. ಈ ವಯಸ್ಸಿನ್ಯಾಗ ತುಂಬಿದ ಹೊಳಿ ದಾಟೂದು ಹೆಂಗ್ರಿ? ಇಳೀಲಿ, ನೋಡೂಣು. ನೀವು ಮಜ್ಜಿಗಿ ಕುಡದು ಹೋಗ್ರಿ."

ಕ್ಷಮೆ ಮನೆ ಬಾಗಿಲಿಗೇ ಬಂದರೆ ಯಾರು ಹೊಳೆ ದಾಟುತ್ತಾರೆ? ಮುದುಕ ನೆಮ್ಮದಿಯಿಂದ ರೊಟ್ಟಿ ಮುರಿದ.

ಚೆನ್ನವೀರ ಮಜ್ಜಿಗೆ ಕುಡಿಯದೆ ಮರಳಿದ.

ಆಶ್ರಮದ ಬಾಗಿಲಲ್ಲಿ ಗುರುಗಳು ಬೇರು ಕುಟ್ಟುತ್ತ ಕೂತಿದ್ದರು. ಏನೂ ಕೇಳಲಿಲ್ಲ. ಕೇಳುವ ಹಕ್ಕಿದ್ದವಳು ಒಳಗಿದ್ದಳು.

"ಹೇಳಿದೇನು?" ಅಂದಳು ದ್ಯಾಮವ್ವ.

ಅವಳ ತಲೆಯ ಹಿಂದೆ ನಿಂತಿದ್ದ ಭರಮಪ್ಪ ಕೈ ಮುಗಿದ. ಹೌದು ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡ. ಒಂದೇ ಒಂದು ಮಾತು. ಅವಳು ಸಮಾಧಾನದಿಂದ ಕಣ್ಣು ಮುಚ್ಚುತ್ತಾಳೆ.

ಹೊರಗೆ ಕುಟ್ಟುವ ಸದ್ದು ನಿಂತಿತು.

ಚೆನ್ನವೀರ ಅವಳ ಕೈ ತೆಗೆದುಕೊಂಡು ನಾಡಿಯ ಮೇಲೆ ಬೆರಳಿಟ್ಟ.

"ಇಲ್ಲ, ಯವ್ವಾ. ಹೇಳಲಿಲ್ಲ. ನೀವು ಎಲ್ಲಾ ಮರತೀರಿ ಅಂತ ಸುಳ್ಳು ಹೇಳಿದ್ನಿ. ಅವರ ಕಣ್ಣೀರು ನೋಡಿ ನನಗ ಆಗಲಿಲ್ಲ. ಅವರು ಉಣ್ಣಾಕ ಕುಂತ್ರು."

ಅವನ ಬೆರಳ ಕೆಳಗೆ ನಾಡಿ ಹಾರಿತು. ಅವನು ಬೆರಳು ತೆಗೆಯಲಿಲ್ಲ.

"ಥೂ!" ಅಂದಳು ದ್ಯಾಮವ್ವ. "ನನ್ನ ಹೆಸರಿಲೆ ಮಾಫಿನೂ ಕೊಟ್ಟು ಬಂದ್ಯಾ?"

"ಹೌದು."

"ಎತ್ತು ನನ್ನ."

"ಯವ್ವಾ..."

"ಎತ್ತೋ. ನಾನ ಹೋಗ್ತೀನಿ."

"ಅವ್ವಾ, ಹುಚ್ಚು ಹಿಡದೈತೇನು ನಿನಗ!" ಭರಮಪ್ಪ ಅಡ್ಡ ಬಂದ. "ಈ ಹೊಳ್ಯಾಗ? ಈ ಸ್ಥಿತ್ಯಾಗ?"

"ಹಾದ್ಯಾಗ ಜೀವ ಹೋದೀತು, ಯವ್ವಾ," ಅಂದ ಚೆನ್ನವೀರ. "ಹೋಗೂದ ಹೆಚ್ಚು. ನಾಡಿ ಹಂಗ ಹೇಳತೈತಿ."

ಇದು ಆ ಕೈ ಹಿಡಿದು, ಯಾರೂ ಕೇಳದೆ ಅವನು ತಾನಾಗಿ ಹೇಳಿದ ಮೊದಲ ನಿಜ.

"ಕೇಳಿಸಿಕೊಂಡೆ," ಅಂದಳು ಅವಳು. "ಎತ್ತು."

ಗುರುಗಳು ಬಾಗಿಲಲ್ಲಿ ನಿಂತಿದ್ದರು. ಚೆನ್ನವೀರ ಅವರ ಮುಖ ನೋಡಿದ. "ಅಪ್ಪಾರ, ಏನ ಮಾಡ್ಲಿ?"

"ನನ್ನೇನ ಕೇಳ್ತಿ? ಬೆನ್ನು ಬಗ್ಗಸು."

ದಂಡೆಯಲ್ಲಿ ಗುರುಗಳು ಅಂಬಿಗನನ್ನು ಪಕ್ಕಕ್ಕೆ ಕರೆದು, ಬರುವುದಿಲ್ಲ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ ಅಂದರು. ಅವನು ನೀರು ನೋಡಿದ, ಮುದುಕಿಯನ್ನು ನೋಡಿದ.

"ಈಕಿ ಹೊಲಿದ ಕೌದಿ ಹೊತಗೊಂಡು ದೊಡ್ಡಾಂವ ಆದಾಂವ್ರಿ ನಾ. ಕುಂಡ್ರಸ್ರಿ."

ಭರಮಪ್ಪ ಬೈಯುತ್ತ ಬೈಯುತ್ತಲೇ ಹರಿಗೋಲು ಹತ್ತಿದ. ಗುರುಗಳು ದಂಡೆಯಲ್ಲೇ ಉಳಿದರು.

ಆಚೆ ದಂಡೆಯಿಂದ ಕಲ್ಲಪ್ಪನ ಮನೆಯ ತನಕ ಚೆನ್ನವೀರ ಅವಳನ್ನು ಬೆನ್ನ ಮೇಲೆ ಹೊತ್ತು ನಡೆದ. "ನಿನ್ನ ಬೆನ್ನು ಬರೇ ಎಲುಬು. ಚುಚ್ಚತೈತಿ," ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು.

ಕಲ್ಲಪ್ಪ ಬಾಗಿಲಿಗೆ ಬಂದು ಎರಡೂ ಕೈ ಚಾಚಿದ. "ಬಂದ್ಯಾ ತಂಗೀ! ಎಲ್ಲಾ ಮರತ್ಯಂತ..."

"ಇಲ್ಲ. ಈ ಹುಡುಗ ಸುಳ್ಳು ಹೇಳ್ಯಾನ. ನಾ ಏನೂ ಮರತಿಲ್ಲ."

ಅವನ ಕೈ ಕೆಳಗಿಳಿದವು.

ಅವಳು ಚೆನ್ನವೀರನ ಹೆಗಲ ಮೇಲಿಂದ ಮುಖವೆತ್ತಿ ಎಲ್ಲವನ್ನೂ ಅಂದಳು. ಒಂದು ಅಕ್ಷರ ಮೆತ್ತಗಾಗಲಿಲ್ಲ. ಓಣಿಯವರು ಬಾಗಿಲಿಗೆ ಬಂದು ನಿಂತರು.

ಕಲ್ಲಪ್ಪನ ಮುಖ ಕೆಂಪಾಯಿತು. "ನಾ ಏನ್ ಪಾಪ ಮಾಡಿದೆ? ಹೊಟ್ಯಾಗಿನ ಕೂಸು ಉಳೀಲಿ ಅಂದೆ. ಉಳದಿಲ್ಲೇನು? ಇಲ್ಲೇ ನಿಂತಾನಲ್ಲ ನಿನ್ನ ಮಗ, ಆನಿ ಇದ್ದಾಂಗ!"

ಎಲ್ಲರೂ ಭರಮಪ್ಪನನ್ನು ನೋಡಿದರು. ಚೆನ್ನವೀರನಿಗಂತೂ ಮುದುಕ ಗೆದ್ದ ಅನಿಸಿತು.

ದ್ಯಾಮವ್ವನ ದನಿ ಇಳಿಯಿತು. ಇಳಿದ ಮೇಲೆ ಇನ್ನೂ ಬಿರುಸಾಯಿತು.

"ನನ್ನ ಕೇಳಬೇಕಿತ್ತು. ಕೂಸಿನ ಸಲುವಾಗಿ ನಾನ ಒಲ್ಲೆ ಅಂತಿದ್ನೋ ಏನೋ. ಇಲ್ಲಾ, ಅವ್ವನ ಸಲುವಾಗಿ ಹೊಳಿಗೆ ಬೀಳ್ತಿದ್ನೋ ಏನೋ. ನಾ ಏನ ಅಂತಿದ್ನಿ ಅನ್ನೂದು ಈಗ ನನಗೂ ಗೊತ್ತಿಲ್ಲ. ಇಷ್ಟೂ ವರ್ಷ ನನ್ನ ಸುಟ್ಟಿದ್ದು ಅದು. ಅದನ್ನ ಹೆಂಗ ಹೊಳ್ಳಿ ಕೊಡ್ತಿ? ಹೇಳು!"

ಕಲ್ಲಪ್ಪ ಹೊಸ್ತಿಲ ಮೇಲೆ ಕುಸಿದು ಕೂತ.

"ಅವ್ವ ಕಡೀಗೆ ಏನಂದ್ಲು? ಇದರಾಗರ ಸುಳ್ಳು ಹೇಳಬ್ಯಾಡ."

ಅವನು ಹೊಸ್ತಿಲ ಅಂಚು ಹಿಡಿದುಕೊಂಡ.

"ದ್ಯಾಮಿ ಯಾಕ ಬರವಲ್ಲಳು ಅಂದ್ಲು."

"ನೀ ಏನಂದಿ?"

"ಹಾದ್ಯಾಗ ಅದಾಳ, ಬರಾಕ ಹತ್ತ್ಯಾಳ ಅಂತ ಹೇಳಿದೆ. ಬಾಗಿಲಾ ನೋಡಕೋತ ಹ್ವಾದ್ಲು."

ಬೆನ್ನ ಮೇಲಿನ ಭಾರ ಒಮ್ಮೆಲೆ ಹೆಚ್ಚಾದಂತೆ ಚೆನ್ನವೀರನಿಗೆ ಅನಿಸಿತು.

ದ್ಯಾಮವ್ವ ಅಳಲಿಲ್ಲ. "ನಡಿ ತಮ್ಮಾ," ಅಂದಳು.

"ತಂಗೀ," ಎಂದು ಕಲ್ಲಪ್ಪ ಹಿಂದಿನಿಂದ ಕೂಗಿದ. "ತಂಗೀ, ಒಂದ ಮಾತು!" ಅವಳು ತಿರುಗಲಿಲ್ಲ.

ಹೊಳೆಯ ನಡುವೆ ಅವಳ ಜೀವ ಹೋಯಿತು. ಹಲ್ಲು ಕಚ್ಚಿಕೊಂಡಿದ್ದಳು, ಕಣ್ಣು ತೆರೆದೇ ಇದ್ದವು. ಅವಳ ಕೈ ಚೆನ್ನವೀರನ ಕೈಯಲ್ಲಿತ್ತು. ಹರಿಗೋಲು ದಂಡೆ ಮುಟ್ಟುವ ತನಕ ಅವನು ಅದನ್ನು ಬಿಡಲಿಲ್ಲ.

ಭರಮಪ್ಪ ನೀರಿಗೆ ಇಳಿದು ಬಂದು ಗುರುಗಳ ಎದುರು ನಿಂತ.

"ಕೊಂದ್ರಿ ನಮ್ಮವ್ವನ್ನ. ಇನ್ನೂ ನಾಕು ದಿನ ಇರ್ತಿದ್ಲು."

"ಇರ್ತಿದ್ಲು," ಅಂದರು ಗುರುಗಳು.

ಅಷ್ಟೇ ಅಂದರು. ಅವನು ಬಾಯಿಗೆ ಬಂದಂತೆ ಬೈದ. ಇವನೆಂಥ ವೈದ್ಯ, ಇದೆಂಥ ಆಶ್ರಮ ಎಂದು ದಂಡೆಯ ಜನರಿಗೆಲ್ಲ ಕೇಳುವಂತೆ ಕೂಗಿದ. ಗುರುಗಳು ಅಷ್ಟನ್ನೂ ಕೇಳಿಸಿಕೊಂಡು, ದ್ಯಾಮವ್ವನನ್ನು ಗಾಡಿಗೆ ಏರಿಸಲು ಹೆಗಲು ಕೊಟ್ಟರು. ಆಮೇಲೆ ಬಹಳ ಕಾಲ ಅವಳ ಊರಿನ ರೋಗಿಗಳು ಆಶ್ರಮದ ಕಡೆ ಸುಳಿಯಲಿಲ್ಲ.

ಗಾಡಿ ಕಣ್ಮರೆಯಾದ ಮೇಲೆ ಗುರುಗಳು ಬಂದು ಮತ್ತೆ ಕುಟ್ಟಲು ಕೂತರು. ಚೆನ್ನವೀರ ಎದುರು ಬಂದು ನಿಂತ. ಅವನ ಅಂಗಿ ಇನ್ನೂ ಒದ್ದೆಯಾಗಿತ್ತು.

"ಅಪ್ಪಾರ, ಒಂದು ಮನಸ್ಸಿಗೆ ಹತ್ತೇತಿ."

"ಏನು?"

"ಆಕಿ ಅಣ್ಣನ್ನ ಮಾಫ್ ಮಾ​ಡ್ಲಿಲ್ಲ. ಮಗನ ಕೂಡ ಒಂದು ಮಾತು ಆಡಲಿಲ್ಲ. ಅಷ್ಟು ಸಿಟ್ಟು ಹೊತಗೊಂಡ ಹ್ವಾದ್ಲು. ಸಾಯೂ ಹೊತ್ತಿನ್ಯಾಗರ ಒಂಚೂರು ಸಮಾಧಾನ ಮಾಡಿಕೊಂಡು ಹೋಗಬೇಕಿತ್ತು."

ಗುರುಗಳ ಕೈ ನಿಂತಿತು. ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಯಾಕಪಾ, ಅದನ್ನೂ ನಿನ್ನ ಕೇಳಿ ಮಾಡಬೇಕಿತ್ತೇನು?"